ಜುನಾ ಬಾಜಾರಿನ ಮೂಗ ರೇಡಿಯೋಗಳು

ಪುಣೆಯ ಮಂಗಳವಾರ ಪೇಟೆಯ ಬಳಿ ಬುಧವಾರ, ಭಾನುವಾರ ಸೇರುವ ಜುನಾ ಬಾಜಾರಿನಲ್ಲಿ ತುಕ್ಕು ಹಿಡಿದ ಬೀಗ, ಹಿತ್ತಾಳೆ ಪಾತ್ರೆಗಳ ನಡುವೆ ಹಳೆಯ ರೇಡಿಯೋ, ಟೇಪ್‌ರೆಕಾರ್ಡರುಗಳೂ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತವೆ. ನಡೆಯುತ್ತದೆಯೇ ಎಂದರೆ ಮಾರುವವರು ಹೌದೆನ್ನುತ್ತಾರೆ. ಪ್ಲಗ್ಗು ಹಾಕಿ ನೋಡಲು ರಸ್ತೆಬದಿಯಲ್ಲಿ ಕರೆಂಟೆಲ್ಲಿ? ಮಾತು ಬಿಟ್ಟು ಪೆಟ್ಟಿಗೆಯನ್ನು ನೋಡಬೇಕು: ಡಯಲ್ ಗಾಜು ನೆಟ್ಟಗಿದೆಯೇ, ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಹೊಡೆಯುತ್ತಿದೆಯೇ. ಕೆಪಾಸಿಟರ್, ರೆಸಿಸ್ಟರುಗಳು ಬುಧವಾರ ಪೇಟೆಯ ತಪಕೀರ್ ಗಲ್ಲಿಯ ಸುತ್ತ ಸಿಗುತ್ತವೆ. ಒಡೆದ ಡಯಲ್ ಗಾಜಿಗೆ ಬದಲಿ ಸಿಗುವುದು ದುರ್ಲಭ.

ಕೇಳುಗರ ಊರಿದು. ಗದಗಿನ ಗಾಯಕ ಭೀಮಸೇನ ಜೋಶಿ ಇಲ್ಲೇ ನೆಲೆಸಿ, ಕುಂದಗೋಳದ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಆರಂಭಿಸಿದರು. ಅವರ ಎಲ್‌ಪಿ ತಟ್ಟೆಗಳನ್ನು ಜೋಪಾನವಾಗಿಟ್ಟ ಮನೆಗಳಲ್ಲಿ ಅವನ್ನು ನುಡಿಸುವ ಯಂತ್ರ ಅಟ್ಟ ಸೇರಿದ್ದರೆ, ರಿಪೇರಿ ಕಲಿಯಲು ಅದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಆದರೆ ಮೊದಲ ಕೈ ಅದರ ಮೇಲೆ ಬೇಡ. ವಾಲ್ವ್ ರೇಡಿಯೋ ಮೇಲಂತೂ ಬೇಡವೇ ಬೇಡ. ಅದರೊಳಗೆ 200 ವೋಲ್ಟಿಗೂ ಮೇಲಿನ ಡಿಸಿ ಓಡುತ್ತದೆ. ಪ್ಲಗ್ಗು ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟುಗಳಲ್ಲಿ ಲೋಹದ ಚಾಸಿಗೇ ಮನೆಯ ಕರೆಂಟು ತಗಲಿರುತ್ತದೆ. ನಾಲ್ಕು ಸೆಲ್ಲಿನ, 6 ವೋಲ್ಟಿನ ಟ್ರಾನ್ಸಿಸ್ಟರ್ ರೇಡಿಯೋ ಸಾಕು. ಮಲ್ಟಿಮೀಟರ್, 25 ವ್ಯಾಟಿನ ಸೋಲ್ಡರಿಂಗ್ ಐರನ್, ಒಂದು ಡಬ್ಬಿ ಕಾಂಟ್ಯಾಕ್ಟ್ ಕ್ಲೀನರ್ ಇದ್ದರೆ ಅಂಗಡಿ ತೆರೆದಂತೆಯೇ.

ಸತ್ತಿದೆ ಎಂದು ಮೂಲೆಗೆಸೆದ ಸೆಟ್ಟುಗಳಲ್ಲಿ ಎಷ್ಟೋ ಸಲ ರೋಗ ಬರೀ ಕೊಳೆ. ಸೆಲ್ಲು ಸೋರಿ ಲೋಹದ ಪಟ್ಟಿಗೆ ಕಿಲುಬು ಹಿಡಿದಿರುತ್ತದೆ, ವಾಲ್ಯೂಮಿನ ಗುಂಡಿ ಕರಕರ ಅನ್ನುತ್ತದೆ, ಟೇಪ್‌ರೆಕಾರ್ಡರಿನ ಬೆಲ್ಟ್ ಕರಗಿ ಕರಿ ಅಂಟಾಗಿರುತ್ತದೆ. ಕರೆಂಟಿನಲ್ಲಿ ನಡೆಯುವ ಸೆಟ್ಟಿನಲ್ಲಿ ಹಾಡಿನಡಿ ಗುಂಯ್ ಎಂಬ ಸದ್ದು ಬಿಡದಿದ್ದರೆ ಫಿಲ್ಟರ್ ಕೆಪಾಸಿಟರಿನ ಮೇಲೆ ಅನುಮಾನ. ಒಳಗಿನ ದ್ರಾವಣ ವರ್ಷಗಳಲ್ಲಿ ಒಣಗಿದೆ. 50 ಹರ್ಟ್ಸಿನ ಕರೆಂಟು ನೇರಗೊಳ್ಳುವಾಗ ಉಳಿಯುವ 100 ಹರ್ಟ್ಸಿನ ಏರಿಳಿತವನ್ನು ಅದು ನುಂಗಲಾರದು. ಹೊಸದು ಹಾಕುವಾಗ ಅದರ ಮೇಲೆ ಬರೆದ ವೋಲ್ಟೇಜು ಹಳೆಯದಕ್ಕಿಂತ ಕಡಿಮೆಯಾಗಬಾರದು, ಪ್ಲಸ್-ಮೈನಸ್ ಅದಲುಬದಲಾಗಬಾರದು, ಹಾಗಾದರೆ ಸಿಡಿದೀತು. ಒಂದೊಂದೇ ಬದಲಿಸಿ, ಪ್ರತಿಸಲ ಕೇಳಿ ನೋಡಿ. ಎಲ್ಲವನ್ನೂ ಒಟ್ಟಿಗೆ ಕಿತ್ತು ಹಾಕಿದವರಿಗೆ ಸೆಟ್ಟು ಹಾಡಬಹುದು, ವಿದ್ಯೆ ಹತ್ತುವುದಿಲ್ಲ.

ಆಂಪ್ಲಿಫೈಯರಿನ ಸರದಿ ಬಂದಾಗ ಪಳಗಿದ ಮೆಕ್ಯಾನಿಕ್ಕುಗಳ ಉಪಾಯವೊಂದಿದೆ: ಸೀರೀಸ್ ಬಲ್ಬು. ವರ್ಷಗಟ್ಟಲೆ ಮಲಗಿದ್ದ ಯಂತ್ರಕ್ಕೆ 60 ವ್ಯಾಟಿನ ಹಳೆಯ ತಂತಿ ಬಲ್ಬಿನ ಮೂಲಕ ಕರೆಂಟು ಕೊಡುವುದು. ಬಲ್ಬು ಮಿಂಚಿ ಮಂಕಾದರೆ ಮುಂದುವರಿಯಬಹುದು, ಝಗ್ಗನೆ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು.

ಹೊಸಬರ ಸ್ಕ್ರೂಡ್ರೈವರ್ ಮೊದಲು ಓಡುವುದು ರೇಡಿಯೋದ ಪುಟ್ಟ ತಗಡು ಡಬ್ಬಿಗಳ ಕಡೆಗೆ. ಅವು 455 ಕಿಲೋಹರ್ಟ್ಸಿನ ಆಸುಪಾಸಿಗೆ ಹೊಂದಿಸಿದ ಐಎಫ್ (ಇಂಟರ್‌ಮೀಡಿಯೆಟ್ ಫ್ರೀಕ್ವೆನ್ಸಿ) ಕಾಯಿಲುಗಳು. ತಿರುಗಿಸಿ ಕೆಡಿಸಿದರೆ ಸಿಗ್ನಲ್ ಜನರೇಟರ್ ಇಲ್ಲದೆ ಸರಿದಾರಿಗೆ ತರುವುದು ಕಷ್ಟ. ಮರದ ಪೆಟ್ಟಿಗೆಯ ಒಳಗನ್ನೆಲ್ಲ ಬಗೆದೆಸೆದು ಬ್ಲೂಟೂತ್ ಕೂರಿಸುವವರೂ ಇದ್ದಾರೆ. ಅದನ್ನು ರಿಪೇರಿ ಅನ್ನಲು ನನಗಂತೂ ಮನಸ್ಸಿಲ್ಲ.

ಸೆಟ್ಟು ಸಿದ್ಧವಾದರೆ ರಾತ್ರಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಹುಡುಕಿ ನೋಡಿ. ಸಿಗದಿದ್ದರೆ ಮತ್ತೆ ಬಿಚ್ಚುವ ಆತುರ ಬೇಡ. ಮನೆಯ ಚಾರ್ಜರು, ಎಲ್‌ಇಡಿ ದೀಪ ಆರಿಸಿ, ರೇಡಿಯೋವನ್ನು ಕಾಲುಸುತ್ತು ತಿರುಗಿಸಿ: ಒಳಗಿನ ಆಂಟೆನಾ ಆದ ಫೆರೈಟ್ ಕಡ್ಡಿಗೆ ದಿಕ್ಕಿನ ಹಟ ಉಂಟು.