ಹಳೆಯ ಭೂಪಟವೂ ನ್ಯಾಯದ ಬೆಲೆಯೂ

ದಕ್ಷಿಣ ಜರ್ಮನಿಯಲ್ಲಿ ವೋಲ್ಫೆಗ್ ಎಂಬ ರಾಜಮನೆತನದ ಕೋಟೆಯೊಂದಿದೆ. 1901ರಲ್ಲಿ ಅದರ ಗ್ರಂಥಭಂಡಾರಕ್ಕೆ ಯೇಸುಸಭೆಯ ಗುರುಗಳಾದ ಜೋಸೆಫ್ ಫಿಷರರು ಬಂದರು. ಆಸ್ಟ್ರಿಯಾದ ಫೆಲ್ಡ್‌ಕಿರ್ಖ್ ಎಂಬಲ್ಲಿದ್ದ ತಮ್ಮ ಸಭೆಯ ಶಾಲೆಯಲ್ಲಿ ಅವರು ಇತಿಹಾಸ, ಭೂಗೋಳಗಳ ಅಧ್ಯಾಪಕರಾಗಿದ್ದರು. ಉತ್ತರದ ನಾರ್ಸ್ ನಾವಿಕರು ಗ್ರೀನ್‌ಲ್ಯಾಂಡಿನಾಚೆಗೆ ಹೋದ ಸುಳಿವುಗಳನ್ನು ಅರಸುತ್ತಿದ್ದ ಅವರ ಕೈಗೆ ಹಲಗೆಯ ರಟ್ಟಿನ ಭಾರೀ ಸಂಪುಟವೊಂದು ಸಿಕ್ಕಿತು. ಬಿಡಿಸಿ ನೋಡಿದರೆ ಮರದಚ್ಚಿನಿಂದ ಮುದ್ರಿಸಿದ ಹನ್ನೆರಡು ದೊಡ್ಡ ಹಾಳೆಗಳು. ಅವನ್ನು ಜೋಡಿಸಿದಾಗ ಎಂಟು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಜಗತ್ತಿನ ಭೂಪಟವೊಂದು ಮೈದೋರಿತು. ಅದರ ಎಡ ಅಂಚಿನಲ್ಲಿ, ಸಾಗರದಾಚೆಯ ಉದ್ದನೆಯ ಭೂಭಾಗದ ಮೇಲೆ, ಆ ಹೆಸರು: ಅಮೆರಿಕ. ಆ ಹೆಸರನ್ನು ಹೊತ್ತ ಮೊಟ್ಟಮೊದಲ ನಕಾಶೆಯದು. ಒಂದು ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಲಾಗಿತ್ತೆಂದು ಹೇಳಲಾಗಿದ್ದರೂ ಒಂದೂ ಉಳಿದಿಲ್ಲವೆಂದೇ ವಿದ್ವಾಂಸರು ಕೈಚೆಲ್ಲಿದ್ದರು.

1507ರಲ್ಲಿ ಲೊರೇನ್ ಪ್ರಾಂತ್ಯದ ಸೇಂಟ್ ದಿಯೆ ಎಂಬ ಪುಟ್ಟ ಪಟ್ಟಣದಲ್ಲಿ ಮಾರ್ಟಿನ್ ವಾಲ್ಡ್‌ಸೀಮ್ಯುಲರ್ ಮತ್ತು ಅವರ ಗೆಳೆಯ ಮಥಿಯಾಸ್ ರಿಂಗ್‌ಮನ್ ಸೇರಿ ಇದನ್ನು ಸಿದ್ಧಪಡಿಸಿದ್ದರು. ವಾಲ್ಡ್‌ಸೀಮ್ಯುಲರ್ ಮುಂದೆ ಅಲ್ಲಿಯ ದೇವಾಲಯದ ಕ್ಯಾನನ್ ಆದರು. ನಮಗೆ ಅವರ ವಿಷಯದಲ್ಲಿ ಹೆಚ್ಚು ಗೌರವ ಮೂಡಿಸುವುದು ಮತ್ತೊಂದು ಸಂಗತಿ. ಅಮೆರಿಗೊ ವೆಸ್ಪುಚ್ಚಿಗೆ ಅಷ್ಟು ದೊಡ್ಡ ಮರ್ಯಾದೆ ಸಲ್ಲಬೇಕಾಗಿತ್ತೇ ಎಂಬ ಅನುಮಾನ ಅವರನ್ನು ಕಾಡಿರಬೇಕು. 1516ರಲ್ಲಿ ತಾವು ಮಾಡಿದ ಇನ್ನೊಂದು ಮಹಾಪಟದಲ್ಲಿ ಆ ಹೆಸರನ್ನು ಅವರು ಕೈಬಿಟ್ಟರು. ಆದರೆ ಹೆಸರು ಅಷ್ಟರೊಳಗೆ ಊರೂರು ಸೇರಿಬಿಟ್ಟಿತ್ತು. ಬಾಯಿಂದ ಹೊರಟ ಮಾತನ್ನು ಹಿಂದೆಗೆಯುವುದು ಎಷ್ಟು ಕಷ್ಟವೆಂಬುದನ್ನು ಪ್ರವಚನಪೀಠ ಏರುವ ನಾವೂ ಬಲ್ಲೆವು.

ಗೋಡೆಗೆ ತೂಗುವ ಪಟಗಳು ಹೊಗೆ, ಹುಳು, ತೇವಗಳಿಗೆ ಬಲಿಯಾಗಿ ಹೋಗುತ್ತವೆ. ಈ ಒಂದು ಪ್ರತಿ ಬದುಕಿದ್ದು ಯೋಹಾನೆಸ್ ಶೋನರ್ ಎಂಬ ಗಣಿತಜ್ಞ ಅದನ್ನು ಗೋಡೆಗೆ ಏರಿಸದೆ ಪುಸ್ತಕದಂತೆ ಕಟ್ಟಿಸಿಟ್ಟ ಕಾರಣದಿಂದ. ಈತ ಮೊದಲು ಕಥೋಲಿಕ ಯಾಜಕ, ತರುವಾಯ ಲೂಥರನ ಪಕ್ಷ ಸೇರಿದವನು. ಉಪಕಾರವನ್ನು ಮಾತ್ರ ಎರಡೂ ಕಡೆಯವರು ನೆನೆಯಬೇಕು. ಕೊನೆಗೆ 2003ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ಕೋಟಿ ಡಾಲರುಗಳನ್ನು ತೆತ್ತು ಈ ಭೂಪಟವನ್ನು ಕೊಂಡುಕೊಂಡಿತು. ಕಂಡುಹಿಡಿದ ಫಿಷರ್ ಗುರುಗಳು ಅದನ್ನು ಬಗಲಲ್ಲಿಟ್ಟುಕೊಂಡು ಹೋಗಲಿಲ್ಲ. 1903ರಲ್ಲಿ ಅದರ ಪ್ರತಿಕೃತಿಯನ್ನು ಅಚ್ಚು ಹಾಕಿಸಿ ಲೋಕಕ್ಕೆ ತೋರಿಸಿದರು.

ಪ್ರಾಚೀನ ಭೂಪಟಗಳ ಸಂಗ್ರಹ ಸಿರಿವಂತರ ಹವ್ಯಾಸವೆಂಬ ಭಾವನೆ ನಮ್ಮವರಲ್ಲಿದೆ. ಪೂರ್ಣ ಸತ್ಯವಲ್ಲ. ಕೋಟಿ ಬಾಳುವುದು ಎಲ್ಲೋ ಒಂದು. ಹಳೆಯ ಪ್ರವಾಸಕಥನಗಳಿಂದ ಬಿಡಿಬಿಡಿಯಾಗಿ ಬಂದ ಸಣ್ಣ ತಾಮ್ರಪಟಗಳು ಸಾಮಾನ್ಯ ಸಂಬಳದವನಿಗೂ ಎಟಕುವಂಥವು. ನಮ್ಮ ಕರಾವಳಿಯವರಿಗೆ ಅವುಗಳಲ್ಲಿ ಬೇರೆಯೇ ಒಂದು ಸೊಗಸು ಕಾದಿರುತ್ತದೆ. ಪೋರ್ತುಗೀಜರ ಕಿವಿಗೆ ಬಿದ್ದಂತೆ ಹೊನ್ನಾವರ ‘ಓನೊರ್’, ಭಟ್ಕಳ ‘ಬಾಟಿಕಲ’, ಬಸ್ರೂರು ‘ಬಾರ್ಸೆಲೊರ್’, ಬಾರ್ಕೂರು ‘ಬಾಕನೊರ್’ ಆಗಿ ಪಶ್ಚಿಮದ ನಕಾಶೆಗಳಲ್ಲಿ ಸಾಲಾಗಿ ನಿಂತಿವೆ. ವಿಜಯನಗರ ‘ಬಿಸ್ನಗರ್’, ಅದರ ಅರಸೊತ್ತಿಗೆ ‘ನರಸಿಂಗ’. ನಮ್ಮ ಪೂರ್ವಜರು ಮಿಂದ ಹೊಳೆಯ ಬಾಯಿ ಆಂಟ್‌ವರ್ಪಿನಲ್ಲೋ ಆಮ್‌ಸ್ಟರ್‌ಡಾಮಿನಲ್ಲೋ ಕುಳಿತವನ ಉಳಿಯ ತುದಿಯಲ್ಲಿ ಮೂಡಿತೆಂಬುದು ಸಣ್ಣ ಬೆರಗೇನೂ ಅಲ್ಲ.

ಧರ್ಮಸಭೆಗೂ ಈ ವಿದ್ಯೆಗೂ ಹಳೆಯ ನಂಟು. ವ್ಯಾಟಿಕನ್ನಿನಲ್ಲಿ 120 ಮೀಟರ್ ಉದ್ದದ ಪಡಸಾಲೆಯ ಇಕ್ಕೆಲಗಳಲ್ಲಿ ಇಟಲಿಯ ನಲ್ವತ್ತು ಭಿತ್ತಿಪಟಗಳನ್ನು ಬರೆಯಿಸಿದವರು ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು. ರೂಪಿಸಿದವರು ದೊಮಿನಿಕನ್ ಸಭೆಯ ಇಗ್ನಾತ್ಸಿಯೊ ದಾಂತಿ. ಇನ್ನು ಮತ್ತೆಯೊ ರಿಚ್ಚಿಯವರ ವಿಚಾರ. 1578ರಲ್ಲಿ ಗೋವೆಗೆ ಬಂದಿಳಿದು, 1580ರಲ್ಲಿ ಕೊಚ್ಚಿಯಲ್ಲಿ ಯಾಜಕದೀಕ್ಷೆ ಪಡೆದು ಚೀನಾಕ್ಕೆ ತೆರಳಿದ ಈ ಯೇಸುಸಭೆಯ ಗುರುಗಳು 1602ರಲ್ಲಿ ಬೀಜಿಂಗಿನಲ್ಲಿ ಚೀನೀ ಲಿಪಿಯ ಜಗತ್ಪಟವೊಂದನ್ನು ಆರು ಪಟ್ಟಿಗಳಲ್ಲಿ ಮರದಚ್ಚಿನಿಂದ ಮುದ್ರಿಸಿದರು. ಚೀನಾ ದೇಶವನ್ನು ಪೂರ್ವದ ಮೂಲೆಗೆ ತಳ್ಳದೆ ನಡುಭಾಗದ ಸಮೀಪಕ್ಕೆ ತಂದರು. ದುಂಡಗಿನ ಭೂಮಿಯಲ್ಲಿ ನಡುವೆಂಬುದು ನೋಡುವವನು ನಿಂತ ನೆಲವಲ್ಲವೇ! ಅದರ ಉಳಿದಿರುವ ಬೆರಳೆಣಿಕೆಯ ಪ್ರತಿಗಳಲ್ಲೊಂದನ್ನು 2009ರಲ್ಲಿ ಅಮೆರಿಕದ ಜೇಮ್ಸ್ ಫೋರ್ಡ್ ಬೆಲ್ ನಿಧಿಯವರು ಹತ್ತು ಲಕ್ಷ ಡಾಲರಿಗೆ ಕೊಂಡರು.

ಕೊಳ್ಳುವ ಮಾತಿಗೆ ಬರೋಣ. ಹಳೆಯದೆಂದು ಚೌಕಟ್ಟು ಕಟ್ಟಿ ಮಾರುವುದೆಲ್ಲ ಹಳೆಯದಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಬಣ್ಣಗಳು ಪುಟ್ಟ ಪುಟ್ಟ ಚುಕ್ಕೆಗಳಾಗಿ ಒಡೆದರೆ ಅದು ಇತ್ತೀಚಿನ ಯಂತ್ರಮುದ್ರಣ. ಪಂಚಾಂಗದ ಚಿತ್ರಕ್ಕಿಂತ ಮೇಲಿನದಲ್ಲ. ತಾಮ್ರದ ಹಲಗೆಯಿಂದ ಒತ್ತಿದ ಪಟದ ಸುತ್ತ ಹಲಗೆಯ ಅಂಚು ಕಾಗದದಲ್ಲಿ ತಗ್ಗಾಗಿ ಉಳಿದಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಕೈಕಾಗದದ ಜಾಲರಿಯ ಗೆರೆಗಳೂ ಕೆಲವೊಮ್ಮೆ ಕಾಗದಗಾರನ ಜಲಮುದ್ರೆಯೂ ಕಾಣುತ್ತವೆ. ಹಳೆಯ ಹಸಿರು ಬಣ್ಣ ತಾಮ್ರದ ಕಿಲುಬಿನದು. ಶತಮಾನಗಳಲ್ಲಿ ಅದು ಕಾಗದವನ್ನು ಸುಟ್ಟು ಬೆನ್ನಿನಲ್ಲಿ ಕಂದುಗಲೆಯಾಗಿ ಮೂಡುತ್ತದೆ. ಮುಂದೆ ಹಚ್ಚಹಸಿರು, ಹಿಂದೆ ಬೆಳ್ಳಗೆ ಇದ್ದರೆ ಬಣ್ಣ ನಿನ್ನೆ ಮೊನ್ನೆ ಹಚ್ಚಿದ್ದೇ ಎಂದು ಕೇಳಬೇಕು. ಅಬ್ರಹಾಂ ಒರ್ಟೇಲಿಯಸ್ 1570ರಲ್ಲಿ ಐವತ್ಮೂರು ಪಟಗಳೊಡನೆ ಹೊರತಂದ ಪ್ರಖ್ಯಾತ ಸಂಪುಟದ ಹಾಳೆಯಾದರಂತೂ ಹಿಂಬದಿಯ ಬರಹದ ಭಾಷೆ, ಪುಟಸಂಖ್ಯೆಗಳೇ ಅದು ಯಾವ ಆವೃತ್ತಿಯದೆಂದು ಹೇಳುತ್ತವೆ. (ತಾನು ಯಾರ್ಯಾರ ನಕಾಶೆಗಳಿಗೆ ಋಣಿಯೆಂದು ಆತ ಎಂಬತ್ತೇಳು ಹೆಸರುಗಳ ಪಟ್ಟಿಯನ್ನೇ ಕೊಟ್ಟಿದ್ದ. ಈಗಿನ ಪಂಡಿತರು ಗಮನಿಸಬೇಕು.)

ಬಲ್ಲವರೂ ಎಡವುತ್ತಾರೆ. ವಾಲ್ಡ್‌ಸೀಮ್ಯುಲರರೇ ಗೋಲಕ್ಕೆ ಅಂಟಿಸಲೆಂದು ಮಾಡಿದ ಚಿಕ್ಕ ನಕಾಶೆಯ ಪ್ರತಿಯೊಂದನ್ನು 2017ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಇಡಲಾಗಿತ್ತು. ಬೇರೊಂದು ಅಸಲು ಪ್ರತಿಯ ಕಾಗದಕ್ಕೆ ಹಾಕಿದ್ದ ತೇಪೆಯ ಗುರುತು ಇದರ ಅಚ್ಚಿನಲ್ಲಿಯೂ ಬಿಳಿಗೆರೆಯಾಗಿ ಮೂಡಿರುವುದನ್ನು ತಜ್ಞರು ಕಂಡರು. ಹರಾಜು ನಿಂತಿತು.

ನಕಲಿಗಿಂತ ಕೆಟ್ಟದ್ದು ಕಳವು. 2005ರ ಜೂನಿನಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲದ ಮೇಲೆ ಹರಿತವಾದ ಅಲಗೊಂದು ಬಿದ್ದಿದ್ದನ್ನು ಸಿಬ್ಬಂದಿಯೊಬ್ಬರು ಕಂಡರು. ಆ ಅಲಗಿನ ಜಾಡು ಹಿಡಿದಾಗ ಫೋರ್ಬ್ಸ್ ಸ್ಮೈಲಿ ಎಂಬ ಹೆಸರಾಂತ ಭೂಪಟ ವ್ಯಾಪಾರಿ ಸಿಕ್ಕಿಬಿದ್ದ. ಹಲವು ಗ್ರಂಥಾಲಯಗಳಿಂದ 97 ನಕಾಶೆಗಳನ್ನು ಕದ್ದುದಾಗಿ ಒಪ್ಪಿಕೊಂಡು, 2006ರಲ್ಲಿ ಮೂರೂವರೆ ವರುಷದ ಸೆರೆವಾಸದ ಶಿಕ್ಷೆಗೆ ಗುರಿಯಾದ. ಅವನಿಂದ ಕೊಂಡವರು ಸಭ್ಯರೇ. ಆದರೆ ‘ಇದು ನಿನ್ನ ಕೈಗೆ ಎಲ್ಲಿಂದ ಬಂತು?’ ಎಂದು ಕೇಳುವುದು ಅವರಲ್ಲಿ ಅನೇಕರಿಗೆ ಮರ್ಯಾದೆಯಾಗಿ ತೋರಿರಲಿಲ್ಲ. ಗಟ್ಟಿಮುಟ್ಟಾದ ಹಳೆಯ ಸಂಪುಟವನ್ನು ಒಡೆದು ಹಾಳೆಹಾಳೆಯಾಗಿ ಮಾರುವ ವ್ಯಾಪಾರವೂ ಇದೆ. ಕಾನೂನು ಅದನ್ನು ತಡೆಯದಿರಬಹುದು; ನಮಗೆ ಅದು ಕಸಾಯಿಖಾನೆಯ ಕೆಲಸವೆಂದೇ ತೋರುತ್ತದೆ.

ನಾವು ಪ್ರವಚನ ಮಾಡುವಾಗಲೆಲ್ಲ ತೊಡಕೆನಿಸುವ ಸಾಮತಿಯೊಂದಿದೆ. ಸಂತ ಮತ್ತಾಯರ ಸುಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ, ಹೊಲದಲ್ಲಿ ಹೂತಿದ್ದ ನಿಧಿಯನ್ನು ಕಂಡವನು ಅದನ್ನು ಪುನಃ ಮುಚ್ಚಿಟ್ಟು, ಇದ್ದುದನ್ನೆಲ್ಲ ಮಾರಿ ಆ ಹೊಲವನ್ನು ಕೊಳ್ಳುತ್ತಾನೆ. ಹೊಲದ ಒಡೆಯನಿಗೆ ಏನನ್ನೂ ಹೇಳುವುದಿಲ್ಲ. ಪ್ರಭು ಕ್ರಿಸ್ತರು ಅವನ ಸಂತೋಷವನ್ನು ಎತ್ತಿ ತೋರಿಸಿದರೇ ವಿನಾ ವ್ಯಾಪಾರದ ನೀತಿಯನ್ನು ಬೋಧಿಸಲಿಲ್ಲ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ, ಸರಿಯೇ. ನೀತಿಯನ್ನು ಬೋಧಿಸಿದವರು ಸಂತ ತೋಮಸ್ ಅಕ್ವೀನಾಸರು. ಗುರುಮಠದಲ್ಲಿ ನಾವು ನಿದ್ದೆಗಣ್ಣಿನಿಂದ ಓದಿದ ‘ಸುಮ್ಮಾ’ ಗ್ರಂಥದ ಎರಡನೆಯ ಭಾಗದ ಎರಡನೆಯ ವಿಭಾಗ, ಎಪ್ಪತ್ತೇಳನೆಯ ಪ್ರಶ್ನೆ. ಮಾರುವವನು ಸರಕಿನ ಗುಪ್ತದೋಷವನ್ನು ಮುಚ್ಚಬಾರದೆಂದು ಅವರು ಹೇಳಿದ್ದು ಎಲ್ಲರಿಗೂ ಗೊತ್ತು. ಅಷ್ಟಕ್ಕೆ ನಿಲ್ಲದೆ, ಚಿನ್ನವನ್ನು ತಾಮ್ರವೆಂದು ತಿಳಿದು ಮಾರುವವನಿಂದ, ಅದು ಚಿನ್ನವೆಂದು ಅರಿತೂ ಕೊಂಡವನು ಅನ್ಯಾಯ ಮಾಡಿದವನೇ, ಅವನು ಹಿಂದಿರುಗಿಸಲು ಬದ್ಧನೆಂದೂ ಬರೆದಿದ್ದಾರೆ. ಸಂಗ್ರಾಹಕರೆಲ್ಲರ ಕನಸು ಇದೇ ಅಲ್ಲವೇ: ಗುಜರಿ ಅಂಗಡಿಯ ಮೂಲೆ, ಏನೂ ಅರಿಯದ ಅಂಗಡಿಯಾತ, ಹತ್ತು ರೂಪಾಯಿಗೆ ಭಾಗ್ಯ!

ಇದನ್ನು ಬರೆಯುವ ನಾವು ನಿರ್ದೋಷಿಗಳಲ್ಲ. ಹಿಂದಿನ ಧರ್ಮಕೇಂದ್ರವೊಂದರಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ತೀರಿಕೊಂಡ ಮೇಲೆ ಅವರ ಪತ್ನಿ ಪುಸ್ತಕಗಳನ್ನು ತೂಕಕ್ಕೆ ಹಾಕುತ್ತಿದ್ದರು. ರಾಶಿಯ ನಡುವೆ ಮಡಿಕೆ ಮಡಿಕೆಯಾದ ಹಾಳೆಯೊಂದು ಕಂಡಿತು: ಪರ್ಷಿಯಾ, ಗುಜರಾತು, ಮಲಬಾರು ತೀರಗಳ ಫ್ರೆಂಚ್ ನಕಾಶೆ. ಅಂಚಿನ ತಗ್ಗನ್ನು ನಮ್ಮ ಬೆರಳು ಆಗಲೇ ಗುರುತಿಸಿತ್ತು. ಬಾಯಿ ಮಾತ್ರ ‘ಇದೊಂದು ಹಾಳೆ ನಮಗಿರಲಿ’ ಎಂದಿತು. ಐವತ್ತು ರೂಪಾಯಿ ಕೊಟ್ಟೆವು. ಆಕೆ ಬೇಡವೆಂದರೂ ಕೊಟ್ಟೆವೆಂದು ನಮ್ಮ ಬೆನ್ನನ್ನೂ ನಾವೇ ತಟ್ಟಿಕೊಂಡೆವು. ಮನೆಗೆ ಬಂದು ಪರಿಶೀಲಿಸಿದಾಗ ಫ್ರಾನ್ಸಿನ ನೌಕಾ ಭೂಪಟಶಾಲೆಯ ಬೆಲ್ಲಿನ್ ಎಂಬಾತ ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಆಬೇ ಪ್ರೆವೋರವರ ಪ್ರವಾಸಕಥನಗಳ ಮಾಲೆಗೆ ರಚಿಸಿದ್ದೆಂದು ಖಚಿತವಾಯಿತು. ಮಹಾ ಅಪೂರ್ವವೇನಲ್ಲ, ಆದರೂ ಕೆಲವು ಸಾವಿರಗಳ ಬೆಲೆಯದು.

ಮೂರು ವಾರ ಅದು ನಮ್ಮ ಮೇಜಿನ ಮೇಲಿತ್ತು. ಸಂತ ತೋಮಸರ ಗ್ರಂಥ ಅದೇ ಮೇಜಿನ ಎದುರಿನ ಕಪಾಟಿನಲ್ಲಿತ್ತು. ನಾಲ್ಕನೆಯ ಭಾನುವಾರ ಬಲಿಪೂಜೆಯ ತರುವಾಯ ಹಾಳೆಯನ್ನು ಕಂಕುಳಲ್ಲಿಟ್ಟು ಆ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆವು. ಆ ತಾಯಿ ನಕ್ಕು, ‘ಫಾದರ್, ಆ ಕಾಗದ ನಿಮ್ಮಲ್ಲೇ ಇರಲಿ, ನನಗೆ ಅದು ಯಾಕೆ?’ ಎಂದರು. ರಜೆಯಲ್ಲಿ ಬಂದಿದ್ದ ಮಗ ಮಾತ್ರ ಕೈಚಾಚಿ ತೆಗೆದುಕೊಂಡ. ತಂದೆ ಅದರಲ್ಲಿ ಬೆರಳಿಟ್ಟು ತನಗೆ ಹಡಗಿನ ದಾರಿ ತೋರಿಸುತ್ತಿದ್ದರೆಂದ. ಕೊಲ್ಲಿ ದೇಶದಲ್ಲಿನ ತನ್ನ ಮನೆಗೆ ಒಯ್ಯುವೆನೆಂದಾಗ, ನೂರು ವರುಷ ಮೀರಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸಲು 1972ರ ಪ್ರಾಚ್ಯವಸ್ತು ಕಾಯಿದೆ ಬಿಡದೆಂದು ತಿಳಿಸಬೇಕಾಯಿತು. ಅವನು ಅದನ್ನು ಇನ್ನೊಮ್ಮೆ ಮಡಿಸಹೊರಟಾಗ ನಾವು ತಡೆದು, ಮಡಿಸಬೇಡಿ, ಆಮ್ಲವಿಲ್ಲದ ಹಲಗೆಯ ಮೇಲಿಟ್ಟು ಬಿಸಿಲು ತಾಗದ ಗೋಡೆಗೆ ಹಾಕಿ ಎಂದೆವು. ಅದು ಈಗ ತಾಯಿಯ ಕೋಣೆಯಲ್ಲಿ, ಪ್ರಾರ್ಥನಾಪೀಠದ ಎಡಕ್ಕೆ ಇದೆ. ಐವತ್ತು ರೂಪಾಯಿಯನ್ನು ಅವರು ಹಿಂದೆ ಕೊಡಲು ಬಂದರು. ದೇವಾಲಯದ ಬಡವರ ಪೆಟ್ಟಿಗೆಗೆ ಹಾಕಿಸಿದೆವು.