ಮೂರು ತಂಡ, ಮೂರು ಕಪ್: ಕೋಚ್ ಬಿ.ಸಿ. ರಮೇಶ್

ಪ್ರೊ ಕಬಡ್ಡಿ ಲೀಗ್ ಶುರುವಾಗಿದ್ದು 2014ರ ಜುಲೈನಲ್ಲಿ. ಹರಾಜು, ಲಕ್ಷಗಟ್ಟಲೆ ಸಂಭಾವನೆ, ಮನೆಮನೆಯ ಟಿವಿಯಲ್ಲಿ ಆಟಗಾರನ ಮುಖ, ಎಲ್ಲವೂ ಬಂದಿದ್ದು ಅದರ ಜೊತೆಗೇ. ಬೆವರು ಸುರಿಸಿ ಆಡುವ ಕಾಲದಲ್ಲಿ ಕರ್ನಾಟಕದ ಕಬಡ್ಡಿ ಆಟಗಾರ ಬಿ.ಸಿ. ರಮೇಶ್ ಅವರಿಗೆ ಇದ್ಯಾವುದೂ ಇರಲಿಲ್ಲ. 2001ರ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು. 2002ರಲ್ಲಿ ಬುಸಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. ರಮೇಶ್ ಅವರಿಗಿಂತ ಹಿಂದಿನ ವರ್ಷದ, ಅಂದರೆ 2000ದ ಅರ್ಜುನ ಕೂಡ ಕರ್ನಾಟಕದವರೇ ಆದ ಸಿ. ಹೊನ್ನಪ್ಪ ಅವರದು. ಆಗ ಈ ಹೆಸರುಗಳು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದ್ದವು?

ಅವರು ಆಡಿದ ಆಟ ಎಂಥದ್ದು ನೋಡಿ. ಇಂಗ್ಲೆಂಡ್, ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ ಎದುರಾಳಿಗೆ ಎದೆಕೊಟ್ಟು ನುಗ್ಗುವ ಫಾರ್ವರ್ಡ್ ಆಟಗಾರರು ನೂರು ಕಿಲೋ ದಾಟಿರುವುದು ಸಾಮಾನ್ಯ. ಕಬಡ್ಡಿಯಲ್ಲಿ ತೂಕಕ್ಕೇ ಮಿತಿಯಿದೆ. ಹಾಗಾಗಿ ಬಲವೊಂದನ್ನೇ ನಂಬಿದವನು ಇಲ್ಲಿ ಉಳಿಯುವುದಿಲ್ಲ. ಮೂವತ್ತು ಸೆಕೆಂಡಿನ ರೈಡಿನಲ್ಲಿ ಕಾರ್ನರ್‌ನವನು ಪಾದ ಹಿಡಿಯಬೇಕೋ, ಕವರ್‌ನವನು ನುಗ್ಗುವವರೆಗೆ ಕಾಯಬೇಕೋ ಎಂಬುದು ಕಣ್ಣಿನ ಲೆಕ್ಕ. ಒಬ್ಬ ಅವಸರಪಟ್ಟರೆ ಕೈ ಕೈ ಹಿಡಿದ ಇಡೀ ಸರಪಳಿ ಕಳಚುತ್ತದೆ. ಮಂಡಿ, ಭುಜ ಕೈಕೊಟ್ಟು ಆಟ ನಿಂತ ಮೇಲೂ ಆ ಲೆಕ್ಕ ತಲೆಯಲ್ಲಿ ಉಳಿಯುತ್ತದೆ. ಒಳ್ಳೆಯ ಕೋಚ್‌ನ ಬಂಡವಾಳ ಅದೇ.

ರಮೇಶ್ ಅವರ ಎರಡನೇ ಇನಿಂಗ್ಸ್ ಮೊದಲನೆಯದಕ್ಕಿಂತ ದೊಡ್ಡದು ಎಂದೇ ನನ್ನ ಅಭಿಪ್ರಾಯ. 2019ರ ಜನವರಿಯಲ್ಲಿ ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿ ಮೊದಲ ಸಲ ಕಪ್ ಎತ್ತಿದಾಗ ಅವರು ರಣಧೀರ್ ಸಿಂಗ್ ಅವರ ಜೊತೆ ತರಬೇತುದಾರರ ಬಳಗದಲ್ಲಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಾಲ್ ವಾರಿಯರ್ಸ್ ಕೋಚ್ ಆಗಿ ಇನ್ನೊಂದು ಕಪ್. ಆ ಫೈನಲ್ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ತಂಡದ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದರು. ಇರಾನಿನ ನಬೀಬಕ್ಷ್ ನಾಯಕತ್ವ ವಹಿಸಿದರು. ಎದುರಿಗೆ ನವೀನ್ ಕುಮಾರ್ ಅವರ ದಬಂಗ್ ಡೆಲ್ಲಿ. ಬೆಂಗಾಲ್ 39–34ರಿಂದ ಗೆದ್ದಿತು. ಮುಖ್ಯ ರೈಡರ್ ಇಲ್ಲದೆ ಫೈನಲ್ ಗೆಲ್ಲುವ ತಂಡ ಒಂದು ದಿನದಲ್ಲಿ ತಯಾರಾಗುವುದಿಲ್ಲ. ಇಡೀ ಸೀಸನ್ ಬೆಂಚಿನವರನ್ನೂ ಸಜ್ಜಾಗಿಟ್ಟ ಕೋಚ್ ಅದರ ಹಿಂದಿರಬೇಕು.

ಮೂರನೆಯದು ಪುಣೇರಿ ಪಲ್ಟನ್. ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್‌ರಂಥ ಹುಡುಗರ ತಂಡ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25. ಫೈನಲ್‌ನಲ್ಲಿ ಇಷ್ಟು ಕಡಿಮೆ ಅಂಕಗಳೆಂದರೆ ಅದು ಹಿಡಿಯುವವರ ಗೆಲುವು, ತಾಳ್ಮೆಯ ಗೆಲುವು. 2025ರಲ್ಲಿ ರಮೇಶ್ ಮುಖ್ಯ ಕೋಚ್ ಆಗಿ ಬುಲ್ಸ್‌ಗೆ ಮರಳಿದರು.

ಇದನ್ನು ತುಮಕೂರಿನಲ್ಲಿ ಕೂತು ಬರೆಯಲು ಕಾರಣವಿದೆ. ಗುಬ್ಬಿ, ಕುಣಿಗಲ್ ಕಡೆಯ ಶಾಲೆಗಳಲ್ಲಿ ಕಬಡ್ಡಿಗೆ ಹುಡುಗರ ಕೊರತೆಯಿಲ್ಲ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ ಗೆದ್ದು ಜಿಲ್ಲಾ ಮಟ್ಟಕ್ಕೆಂದು ತುಮಕೂರಿಗೆ ಬರುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿದೊಡನೆ ಎಷ್ಟೋ ಮಕ್ಕಳ ಆಟವೂ ಮುಗಿಯುತ್ತದೆ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರಿಗೆ ಮ್ಯಾಟ್ ಮೇಲೆ ಶೂ ಹಾಕಿ ಆಡುವ ಅಭ್ಯಾಸ ಸಿಗುವುದಿಲ್ಲ. ಕ್ರೀಡಾ ಕೋಟಾದಡಿ ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕೆಲಸ ಸಿಗಬಹುದೆಂದು ಮನೆಯವರಿಗೆ ಹೇಳುವವರೂ ವಿರಳ. ಆಟ ನಿಂತ ಮೇಲೆ ಕೋಚಿಂಗ್ ಎಂಬ ವೃತ್ತಿಯಿದೆ ಎಂಬುದಂತೂ ದೂರದ ಮಾತು.

ದೈಹಿಕ ಶಿಕ್ಷಣದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಪವನ್ ಸೆಹ್ರಾವತ್‌ರ ರೈಡಿಂಗ್ ಮಕ್ಕಳು ತಾವೇ ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ನೀವು ಅವರಿಗೆ ಬಿ.ಸಿ. ರಮೇಶ್ ಅವರ ಕಥೆ ಹೇಳಿ. ಹೇಳುವಾಗ ಮಕ್ಕಳ ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಳ್ಳಿ.