ಬ್ರೇಕ್ ಬಿಗಿ ಇರಲಿ, ಗೇರ್ ಮೆತ್ತಗೆ ಇಳಿಯಲಿ

ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಬೈಕ್ ಓಡಿಸಿದವರಿಗೆ ಒಂದು ಪಾಠ ರಕ್ತಗತವಾಗಿರುತ್ತದೆ: ಇಳಿಜಾರಿನಲ್ಲಿ ಗೇರ್ ಇಳಿಸು, ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಬ್ರೇಕ್ ಕಾದು ಕೈಕೊಡದಂತೆ ಕಾಪಾಡುವ ಪಾಠವದು. ಆದರೆ ಅದೇ ಸವಾರ ವಾರಾಂತ್ಯಕ್ಕೆ ಬೆಂಗಳೂರಿನಿಂದ ಚೆನ್ನೈ ಸಮೀಪದ ಇರುಂಗಾಟುಕೋಟೈ ರೇಸ್ ಟ್ರ್ಯಾಕಿಗೆ ಹೋದರೆ ಅದನ್ನು ಮರೆಯಬೇಕು. 3.7 ಕಿ.ಮೀ. ಸುತ್ತಳತೆಯ ಆ ಟ್ರ್ಯಾಕಿನಲ್ಲಿ ವೇಗ ತಗ್ಗಿಸುವುದು ಬ್ರೇಕಿನ ಕೆಲಸ, ಅದರಲ್ಲೂ ಮುಂದಿನ ಬ್ರೇಕಿನದು. ಗೇರ್ ಇಳಿಸುವುದು ತಿರುವು ದಾಟಿ ಹೊರಬೀಳುವಾಗ ಎಂಜಿನ್ನಿನಲ್ಲಿ ಎಳೆತ ಇರಲಿ ಎಂಬುದಕ್ಕೆ ಮಾತ್ರ.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಆ ಓಟದಲ್ಲಿ ಮುಂದಿನ ಬ್ರೇಕ್ ಬಲವಾಗಿ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬಿದ್ದು, ಹಿಂದಿನ ಚಕ್ರ ನೆಲಕ್ಕೆ ತಾಗಿಯೂ ತಾಗದಂತಿರುತ್ತದೆ. ನಾಲ್ಕನೇ ಗೇರಿನಲ್ಲಿ 7,000 ಆರ್‌ಪಿಎಂ ಇದ್ದ ಎಂಜಿನ್, ಅದೇ ವೇಗದಲ್ಲಿ ಮೂರನೇ ಗೇರಿಗೆ ಬಂದರೆ ಹೆಚ್ಚುಕಡಿಮೆ 8,400ಕ್ಕೆ ಏರಬೇಕು. ಕ್ಲಚ್ ದಡಕ್ಕನೆ ಬಿಟ್ಟರೆ ಆ ಏರಿಕೆಯ ಹೊರೆಯೆಲ್ಲ ಹಗುರಾದ ಹಿಂದಿನ ಚಕ್ರದ ಮೇಲೆ. ಅದು ಹಿಡಿತ ತಪ್ಪಿ ಕುಪ್ಪಳಿಸತೊಡಗುತ್ತದೆ. ಆ ಹೊತ್ತಿಗೆ ಬೈಕು ವಾಲಿದ್ದರೆ ಬೀಳುವುದೇ. ಹಾಗಾಗಿ ಬೈಕು ನೆಟ್ಟಗಿರುವಾಗಲೇ ಗೇರ್ ಬದಲಾವಣೆ ಮುಗಿಯಬೇಕು. ಬ್ರೇಕ್ ಹಿಡಿದ ತಕ್ಷಣ ಆತುರಪಡದೆ, ವೇಗ ಸಾಕಷ್ಟು ಇಳಿದ ಮೇಲೆ ಒಂದೊಂದೇ ಗೇರ್ ಇಳಿಸಿದರೆ ಎಂಜಿನ್ ಅಷ್ಟು ಎತ್ತರಕ್ಕೆ ಕಿರುಚುವುದಿಲ್ಲ.

ನಿಜವಾದ ಕಸುಬು ಇರುವುದು ಬಲಗೈಯಲ್ಲಿ. ತೋರುಬೆರಳು, ನಡುಬೆರಳು ಬ್ರೇಕ್ ಲಿವರಿನ ಮೇಲೆ. ಹೆಬ್ಬೆರಳು ಮತ್ತು ಉಳಿದೆರಡು ಬೆರಳು ಥ್ರಾಟಲ್ ಮೇಲೆ. ಎಡಗೈ ಕ್ಲಚ್ಚನ್ನು ತುಸುವೇ ಎಳೆದ ಗಳಿಗೆಯಲ್ಲಿ ಬಲ ಮಣಿಕಟ್ಟು ಚಿಟಿಕೆ ಹೊಡೆಯುವಷ್ಟರಲ್ಲಿ ರೇಸ್ ಕೊಟ್ಟು ಬಿಡಬೇಕು, ಅದೇ ಗಳಿಗೆಯಲ್ಲಿ ಕಾಲು ಗೇರ್ ಒತ್ತಬೇಕು. ಇದೇ ಬ್ಲಿಪ್: ಕ್ಲಚ್ ಬಿಡುವ ಮೊದಲೇ ಎಂಜಿನ್ನನ್ನು ಕೆಳಗಿನ ಗೇರಿಗೆ ಬೇಕಾದ ಆರ್‌ಪಿಎಂಗೆ ಏರಿಸಿಕೊಳ್ಳುವುದು. ಮಣಿಕಟ್ಟು ತಿರುಗಿದರೂ ಬ್ರೇಕಿನ ಮೇಲಿನ ಒತ್ತಡ ಕೂದಲೆಳೆಯಷ್ಟೂ ಬದಲಾಗಬಾರದು. ಲಿವರನ್ನು ಬೆರಳ ಗೆಣ್ಣಿನಲ್ಲಿ ಕೊಕ್ಕೆ ಹಾಕಿದಂತೆ ಹಿಡಿಯದೆ, ಬೆರಳ ತುದಿಯಡಿ ಜಾರಲು ಬಿಟ್ಟರೆ ಇದು ಸಾಧ್ಯ.

2002ರಲ್ಲಿ ಮೋಟೋಜಿಪಿಗೆ 990 ಸಿಸಿ ಫೋರ್‌ಸ್ಟ್ರೋಕ್ ಎಂಜಿನ್‌ಗಳು ಬಂದಾಗ ಗೇರ್ ಇಳಿಸಿದಾಗ ಎಂಜಿನ್ ಹಿಂದಕ್ಕೆ ಎಳೆಯುವುದು ದಿಗ್ಗಜ ಸವಾರರಿಗೂ ತಲೆನೋವಾಗಿತ್ತು. ಹಿಂದಿನ ಟೂಸ್ಟ್ರೋಕ್ ಬೈಕುಗಳಲ್ಲಿ ಎಂಜಿನ್ನಿನ ಹಿಂದೆಳೆತ ಬಹಳ ಕಡಿಮೆ. ಈಗ ಕೆಟಿಎಂ 390, ಯಮಹಾ ಆರ್15ರಂಥ ಬೈಕುಗಳಲ್ಲೂ ಸ್ಲಿಪ್ಪರ್ ಕ್ಲಚ್ ಇದೆ. ಚಕ್ರವೇ ಎಂಜಿನ್ನನ್ನು ತಿರುಗಿಸಲು ಹೊರಟಾಗ ಅದು ಪ್ಲೇಟುಗಳ ಬಿಗಿ ಸಡಿಲಿಸಿ ಹೊಡೆತ ತಗ್ಗಿಸುತ್ತದೆ. ಅದನ್ನೇ ನೆಚ್ಚಿ ಬ್ಲಿಪ್ ಕಲಿಯದೆ ಇರುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಕಲಿಯುವವರು ಮೊದಲು ಖಾಲಿ ಜಾಗದಲ್ಲಿ, ನಿಧಾನ ವೇಗದಲ್ಲಿ, ಬ್ರೇಕ್ ಮುಟ್ಟದೆ ಬ್ಲಿಪ್ ರೂಢಿಸಿಕೊಳ್ಳಲಿ. ಬ್ರೇಕ್ ಸೇರಿಸುವುದು ಆಮೇಲೆ. ಬ್ರೇಕಿನ ಜೊತೆ ಬ್ಲಿಪ್ ಕೊಡುವಾಗ ಮುಂದಿನ ಫೋರ್ಕ್ ಮೇಲೆ ಕೆಳಗೆ ಆಡುತ್ತಿದ್ದರೆ ಬೆರಳಿನ ಒತ್ತಡ ಏರುಪೇರಾಗುತ್ತಿದೆ ಎಂದರ್ಥ. ಆಗ ಲಿವರನ್ನು ತುಸು ಕೆಳಕ್ಕೆ ತಿರುಗಿಸಿ, ಕೈಗೆ ಹತ್ತಿರವಾಗುವಂತೆ ಹೊಂದಿಸಿ ನೋಡಿ.